ಹೊಳೆದಂಡೆ ರಸ್ತೆಯ ಒಂದು ಲೇನ್ ಕಿತ್ತ ಕಥೆ

"ಲೇನ್ ತೆಗೆದರೆ ಊರೇ ಜಾಮ್ ಆಗುತ್ತೆ" ಅಂತ ಮೊದಲ ಮೀಟಿಂಗ್‌ನಲ್ಲೇ ಒಬ್ಬರು ಮೇಜು ಕುಟ್ಟಿದ್ದರು. ಅವರೇ ಈಗ ದಿನಾ ಸಂಜೆ ಅಲ್ಲಿ ವಾಕಿಂಗ್ ಬರುತ್ತಾರೆ. ನಾನು ನೋಡಿಯೂ ನೋಡದ ಹಾಗೆ ಹೋಗುತ್ತೇನೆ.

ನಾಲ್ಕು ಲೇನ್ ರಸ್ತೆ, ಒಂದು ಪಕ್ಕ ಮನೆಗಳು, ಇನ್ನೊಂದು ಪಕ್ಕ ನದಿ. ದಿನಕ್ಕೆ ಸುಮಾರು 17 ಸಾವಿರ ಗಾಡಿ. ನಾಲ್ಕನ್ನು ಮೂರು ಮಾಡುವ ಲೆಕ್ಕ ಇಷ್ಟೇ: ಹೋಗಲು ಒಂದು, ಬರಲು ಒಂದು, ತಿರುಗುವವರಿಗೆ ನಡುವೆ ಒಂದು. ಲೇನ್ ಅಗಲ 3.5 ಮೀಟರಿನಿಂದ 3.1ಕ್ಕೆ ಇಳಿಸಿದೆ. ನಡೆಯುವವರಿಗೆ, ಸೈಕಲ್ಲಿಗೆ ಕೊಡಲು ಹೆಚ್ಚುಕಡಿಮೆ ಐದು ಮೀಟರ್ ಕೈಗೆ ಸಿಕ್ಕಿತು. ಮೀಟಿಂಗ್‌ನಲ್ಲಿ, ಅಮೆರಿಕದ ಪೋರ್ಟ್‌ಲ್ಯಾಂಡ್‌ನವರು 1974ರಲ್ಲೇ ನದಿ ಪಕ್ಕದ ಹಾರ್ಬರ್ ಡ್ರೈವ್ ರಸ್ತೆ ಮುಚ್ಚಿ ಪಾರ್ಕ್ ಮಾಡಲು ಹೊರಟರು, ಪ್ಯಾರಿಸ್ 2016ರಲ್ಲಿ ಸೆನ್ ನದಿಯ ಬಲದಂಡೆಯಿಂದ ಕಾರುಗಳನ್ನೇ ಎಬ್ಬಿಸಿತು ಅಂದೆ. "ಅದು ಅವರ ಊರು" ಅಂದರು. ಸರಿ, ಬಣ್ಣ ಬಳಿದು ಕೋನ್ ಇಟ್ಟು ತೋರಿಸೋಣ ಅಂತ ಇಳಿದೆ.

ಮೊದಲ ಟ್ರಯಲ್ ಮುಗ್ಗರಿಸಿತು. ನಡುವಿನ ಲೇನನ್ನು ಉದ್ದಕ್ಕೂ ಬಿಟ್ಟಿದ್ದೆ, ಅದು ಓವರ್‌ಟೇಕ್ ಲೇನ್ ಆಯಿತು. ಅರವತ್ತು ಪ್ಲಾಸ್ಟಿಕ್ ಕಂಬ ನೆಟ್ಟಿದ್ದೆ, ತಿಂಗಳಲ್ಲಿ ಇಪ್ಪತ್ತು ಉಳಿದಿರಬೇಕು. ಟ್ರಯಲ್‌ಗೆ ಇಟ್ಟ ದುಡ್ಡೂ ಅದರ ಜೊತೆಗೇ ಹೋಯಿತು.

ಆಮೇಲೆ ಹೊಳೆದದ್ದು ಇಷ್ಟೇ. ನದಿ ಕಡೆಗೆ ಯಾರೂ ತಿರುಗುವುದಿಲ್ಲ, ಅಲ್ವಾ? ಹಾಗಾದರೆ ತಿರುಗುವ ಲೇನ್ ಅಡ್ಡರಸ್ತೆ ಇರುವಲ್ಲಿ ಮಾತ್ರ ಸಾಕು. ಉಳಿದ ಕಡೆ ಅದನ್ನು ತುಂಡರಿಸಿ, ದಾಟುವವರು ನಿಲ್ಲುವ ಕಟ್ಟೆ ಮಾಡಿದೆ. ತಳ್ಳುಗಾಡಿಯಲ್ಲಿ ಮಗು ಇದ್ದರೂ ಅರ್ಧ ದಾಟಿ ನಿಲ್ಲಬಹುದು. ಸೈಕಲ್ ದಾರಿ ನದಿ ಕಡೆಗೇ, ಮೂರು ಮೀಟರ್, ಎರಡೂ ದಿಕ್ಕಿಗೆ. ಅಡ್ಡ ಬರುವ ಗೇಟು ಒಂದೂ ಇಲ್ಲ.

ಆದರೆ ಸೈಕಲ್ ದಾರಿಯನ್ನು ನದಿಯಂಚಿನ ಕಂಬಿಗೆ ಅಂಟಿಸಿ, ನಡೆಯುವ ದಾರಿಯನ್ನು ರಸ್ತೆ ಕಡೆಗೆ ಕೂರಿಸಿದ್ದು ನನ್ನದೇ ತಪ್ಪು. ನಡೆಯುವವರಿಗೆ ನೀರು ಕಾಣಬೇಕು, ಎಲ್ಲರೂ ಅಲ್ಲೇ ನುಗ್ಗಿದರು. ಬೋರ್ಡ್ ಹಾಕಿದೆ, ಯಾರೂ ಓದಲಿಲ್ಲ. ಕೊನೆಗೆ ಎರಡನ್ನೂ ಅದಲುಬದಲು ಮಾಡಿದೆ. ನಡುವಿನ ಗಡಿಗೆ ಬರೀ ಗೆರೆ ಎಳೆದರೆ ಬಿಳಿಕೋಲು ಹಿಡಿದು ನಡೆಯುವ ಅಂಧರಿಗೆ ಸಿಗುವುದಿಲ್ಲ. ಒರಟು ಕಲ್ಲು, ಉಬ್ಬುಪಟ್ಟಿ, ಇಳಿಜಾರು ಅಂಚು ಹೀಗೆ ನಾಲ್ಕೈದು ತುಂಡು ಹಾಕಿ ನೋಡಿದೆ. ಗೆದ್ದದ್ದು ಇಳಿಜಾರು ಅಂಚು. ಅದರ ಅಳತೆ ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ದುಡ್ಡು ನುಂಗಿದ್ದು ಚರಂಡಿ. ರಸ್ತೆಯ ಇಳಿಜಾರು ನದಿ ಕಡೆಗಿತ್ತು, ನಾನು ಕಟ್ಟಿದ ಹೊಸ ಅಂಚುಗಲ್ಲು ಅಣೆಕಟ್ಟಾಯಿತು. ಮೊದಲ ಮಳೆಗೇ ಪಾದ ಮುಳುಗುವಷ್ಟು ನೀರು. ಕಲ್ಲಿನ ನಡುವೆ ಸಂದು ಬಿಟ್ಟು, ಜಾಲರಿ ತಿರುಗಿಸಿ ಕೂರಿಸುವಷ್ಟರಲ್ಲಿ ಬಜೆಟ್‌ನ ಮೂರನೇ ಒಂದು ಪಾಲು ಖಾಲಿ. ಬೆಂಚು, ದೀಪ ಕಡಿಮೆ ಆದವು. ಬೈದವರೆಲ್ಲ ಬೈದದ್ದು ಬೆಂಚಿಗೆ.

ಈಗ ಎರಡು ಕಿಲೋಮೀಟರಿಗೆ ಮುಕ್ಕಾಲು ನಿಮಿಷ ಜಾಸ್ತಿ ಹಿಡಿಯುತ್ತದೆ. 60ರಲ್ಲಿ ಹಾರುತ್ತಿದ್ದ ಗಾಡಿಗಳು 45ರ ಆಸುಪಾಸಿಗೆ ಬಂದಿವೆ. ಗಾಡಿ ಸಂಖ್ಯೆ ಒಂದೋ ಎರಡೋ ಸಾವಿರ ಇಳಿದಿದೆ, ಜಾಮ್ ಮಾತ್ರ ಬರಲೇ ಇಲ್ಲ. ಸಿಗ್ನಲ್ ಟೈಮಿಂಗ್‌ನಲ್ಲೂ ಒಂದು ಕೈಚಳಕ ಇದೆ, ಅದನ್ನು ಎದುರಿಗೆ ಸಿಕ್ಕಾಗ ಹೇಳುತ್ತೇನೆ.

ಬಸ್ ನಿಲ್ದಾಣ ಇನ್ನೂ ಸರಿಹೋಗಿಲ್ಲ. ಬಸ್ ನಿಂತರೆ ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಇಳಿದವರು ನೇರ ಸೈಕಲ್ ದಾರಿಗೆ ಕಾಲಿಡುತ್ತಾರೆ. ಮುಂದಿನ ವಾರ ಮತ್ತೆ ಕೋನ್ ಹೊತ್ತುಕೊಂಡು ಹೋಗಬೇಕು.