ನಾಲ್ಕು ಚಾರ್ಲ್ಸ್‌ಗಳ ನಡುವೆ ಸಿಕ್ಕಿಬಿದ್ದೆ

ನಾನು ಇತಿಹಾಸ ಓದಿದವನಲ್ಲ. ಬ್ಯಾಂಕಿನಲ್ಲಿ ಲೆಡ್ಜರ್ ನೋಡಿಕೊಂಡಿದ್ದು ರಿಟೈರ್ ಆದವನು. ಶೆಫೀಲ್ಡ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಒಂದು ಭಾನುವಾರ ಬೋಲ್ಸೋವರ್ ಕೋಟೆ ತೋರಿಸಿದಳು. ಗುಡ್ಡದ ಮೇಲಿನ ಕೋಟೆ. ಕುದುರೆ ಪಳಗಿಸಲಿಕ್ಕೆಂದೇ ಒಂದು ಉದ್ದನೆಯ ಹಜಾರ! ಅಪ್ಪ ಶುರುಮಾಡಿದ ಕೋಟೆಯನ್ನು ಮುಂದುವರಿಸಿ ಈ ಹಜಾರ ಸೇರಿಸಿದವನು ವಿಲಿಯಂ ಕ್ಯಾವೆಂಡಿಷ್. 1642ರಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ಹತ್ತಿದಾಗ ರಾಜನ ಪರ ನಿಂತವನು. ಇವನ ವಂಶವೃಕ್ಷ ಬರೆಯೋಣ ಅನ್ನಿಸಿತು. ಸುಮ್ನೆ ಕೂತು ಬೇಜಾರಾಗಿತ್ತು, ಅಷ್ಟೇ.

ಹಳೇ ಕ್ಯಾಲೆಂಡರ್ ಹಾಳೆಗಳ ಹಿಂಬದಿ ಅಂಟಿಸಿಕೊಂಡು ಶುರುಮಾಡಿದೆ. ಮೊದಲ ತೊಡಕು, ಆ ಮನುಷ್ಯನ ಹೆಸರು. ಒಂದರ ಮೇಲೊಂದು ದೊಡ್ಡ ಬಿರುದು ಏರುತ್ತಾ ಹೋದವನು: 1620ರಲ್ಲಿ ಮ್ಯಾನ್ಸ್‌ಫೀಲ್ಡ್ ವೈಕೌಂಟ್, 1628ರಲ್ಲಿ ನ್ಯೂಕ್ಯಾಸಲ್ ಅರ್ಲ್, 1643ರಲ್ಲಿ ಮಾರ್ಕ್ವೆಸ್, 1665ರಲ್ಲಿ ಡ್ಯೂಕ್. ಹಳೇ ಕಾಗದಗಳಲ್ಲಿ ವಿಲಿಯಂ ಅನ್ನುವ ಹೆಸರೇ ಕಾಣುವುದಿಲ್ಲ, ಬರೀ ಬಿರುದು. ಸಾಲದ್ದಕ್ಕೆ ಅಪ್ಪ ಮೇಲೇರಿದ ಮೇಲೆ 'ಮ್ಯಾನ್ಸ್‌ಫೀಲ್ಡ್' ಅನ್ನುವುದು ಮಗನ ಹೆಸರಾಯಿತು. ಹಾಗಾಗಿ ಯಾವ ಹೆಸರು ಬಂದರೂ ಅದು ಯಾವ ವರ್ಷದ ಮಾತು ಅಂತ ಮೊದಲು ಬರೆದುಕೊಳ್ಳತೊಡಗಿದೆ.

ಆದರೂ ಎಡವಿದೆ. ವಿಲಿಯಂನ ತಮ್ಮ ಸರ್ ಚಾರ್ಲ್ಸ್, ಗಣಿತದ ಹುಚ್ಚಿದ್ದವನು. '1643ರಲ್ಲಿ ಗೇನ್ಸ್‌ಬರೋ ಯುದ್ಧದಲ್ಲಿ ಚಾರ್ಲ್ಸ್ ಕ್ಯಾವೆಂಡಿಷ್ ಸತ್ತ' ಅಂತ ಓದಿದ್ದೇ ತಡ, ತಮ್ಮನ ಹೆಸರಿನ ಪಕ್ಕ ಕೆಂಪು ಶಾಯಿಯಲ್ಲಿ ಗುರುತು ಹಾಕಿಬಿಟ್ಟೆ. ಎರಡು ವಾರ ಕಳೆದ ಮೇಲೆ ನೋಡಿದರೆ, ಆಸಾಮಿ 1651ರಲ್ಲಿ ಈಗಿನ ಬೆಲ್ಜಿಯಂನ ಆಂಟ್ವರ್ಪ್‌ನಿಂದ ಅತ್ತಿಗೆಯ (ವಿಲಿಯಂನ ಎರಡನೇ ಹೆಂಡತಿ ಮಾರ್ಗರೆಟ್) ಜೊತೆ ಇಂಗ್ಲೆಂಡಿಗೆ ಹಡಗು ಹತ್ತುತ್ತಿದ್ದಾನೆ! ಸತ್ತಿದ್ದು ಇವರ ದೊಡ್ಡಪ್ಪನ ಮೊಮ್ಮಗ, ಇಪ್ಪತ್ಮೂರು ವರ್ಷದ ಹುಡುಗ. ಇಂಗ್ಲಿಷಿನವರು ಎಲ್ಲರನ್ನೂ 'ಕಸಿನ್' ಅಂತ ಒಂದೇ ಚೀಲಕ್ಕೆ ತುಂಬುತ್ತಾರಲ್ವಾ, ಅದರ ಫಲ. ವಿಲಿಯಂನ ಅಪ್ಪನೂ ಚಾರ್ಲ್ಸ್, ಮಗನೂ ಚಾರ್ಲ್ಸ್. ರಾಜನೂ ಚಾರ್ಲ್ಸ್, ಅವನನ್ನು ಬಿಟ್ಟೇ ನಾಲ್ಕು. ಆಮೇಲೆ ಪ್ರತಿ ಹೆಸರಿನ ಕೆಳಗೆ ಕನ್ನಡದಲ್ಲೇ ಸಂಬಂಧ ಬರೆದೆ: ದೊಡ್ಡಪ್ಪ, ಷಡ್ಡಕ, ಭಾವಮೈದುನ. ಅರ್ಧ ಗೊಂದಲ ಅಲ್ಲೇ ಹರಿಯಿತು.

ವಿಲಿಯಂನ ಮೊದಲ ಹೆಂಡತಿ ಎಲಿಜಬೆತ್ ಬ್ಯಾಸೆಟ್ 1643ರಲ್ಲಿ ತೀರಿಕೊಂಡಳು. ಉಳಿದ ಮಕ್ಕಳು ಐದು. 1644ರ ಜುಲೈನಲ್ಲಿ ಮಾರ್ಸ್ಟನ್ ಮೂರ್‌ನಲ್ಲಿ ಸೋತ ವಿಲಿಯಂ ದೇಶವನ್ನೇ ಬಿಟ್ಟ. ಹೆಣ್ಣುಮಕ್ಕಳು ಕುಟುಂಬದ ವೆಲ್‌ಬೆಕ್ ಮನೆಯಲ್ಲೇ ಉಳಿದರು. ಜೇನ್ ತನ್ನ ಒಡವೆ ಮಾರಿ ಅಪ್ಪನಿಗೆ ದುಡ್ಡು ಕಳಿಸಿದಳಂತೆ. ಅವನು 1645ರಲ್ಲಿ ಪ್ಯಾರಿಸ್‌ನಲ್ಲಿ ಮಾರ್ಗರೆಟ್ ಲೂಕಸ್‌ಳನ್ನು ಮದುವೆಯಾದ. ಹುಡುಗಿ ಅವನಿಗಿಂತ ಸುಮಾರು ಮೂವತ್ತು ವರ್ಷ ಚಿಕ್ಕವಳು. ಆಮೇಲೆ ಆಂಟ್ವರ್ಪ್‌ನಲ್ಲಿ ಚಿತ್ರಕಾರ ರೂಬೆನ್ಸ್ ಇದ್ದ ಮನೆಯಲ್ಲಿ ಬಾಡಿಗೆಗಿದ್ದರು. ಸಾಲದ ಮೇಲೆ ಸಾಲ. ಅಷ್ಟಾದರೂ ಕುದುರೆ ಸಾಕುವುದನ್ನು ಬಿಡಲಿಲ್ಲ, ಪುಣ್ಯಾತ್ಮ.

ಗಂಡನ ಕಥೆಯನ್ನು ಮಾರ್ಗರೆಟ್ 1667ರಲ್ಲಿ ಅಚ್ಚು ಹಾಕಿಸಿದಳು. ಹೊಗಳಿಕೆ ಜಾಸ್ತಿ, ಹುಷಾರಾಗಿ ಓದಬೇಕು. ನನ್ನನ್ನು ಹಿಡಿದು ಕೂರಿಸಿದ್ದು ಅವಳು ಕೊಟ್ಟ ನಷ್ಟದ ಲೆಕ್ಕ. ಆಸ್ತಿಯ ವರ್ಷದ ಹುಟ್ಟುವಳಿ 22,393 ಪೌಂಡ್. 18 ವರ್ಷ ಕೈಗೆ ಬರಲಿಲ್ಲ. ನೂರಕ್ಕೆ ಆರರಂತೆ ಚಕ್ರಬಡ್ಡಿ ಹಾಕಿದರೆ 7,33,579 ಪೌಂಡ್ ಅನ್ನುತ್ತಾಳೆ. ಬ್ಯಾಂಕಿನ ಚಾಳಿ ಬಿಡುತ್ತದೆಯೇ? ಕ್ಯಾಲ್ಕುಲೇಟರ್ ತೆಗೆದೆ. ವರ್ಷದ ಕೊನೆಗೆ ದುಡ್ಡು ಕಟ್ಟಿದಂತೆ ಹಾಕಿದರೆ 6,92,000 ಚಿಲ್ಲರೆ, ತಾಳೆಯಾಗಲಿಲ್ಲ. ವರ್ಷದ ಮೊದಲೇ ಕಟ್ಟಿದಂತೆ ಹಾಕಿದೆ. ಇಪ್ಪತ್ತು ಪೌಂಡಿನ ಒಳಗೆ ಬಂದು ಕೂತಿತು! ಕಡಿದ ಕಾಡು, ಕೈಬಿಟ್ಟ ಜಮೀನು ಎಲ್ಲ ಸೇರಿಸಿ ಅವಳು ಹೇಳುವ ಒಟ್ಟು ನಷ್ಟ 9,41,303 ಪೌಂಡ್. ಹಿಡಿದ ದರ ಸರಿಯೋ ತಪ್ಪೋ ಬೇರೆ ಮಾತು, ಆದರೆ ಗುಣಾಕಾರದಲ್ಲಿ ಅವಳಿಗೆ ಯಾರೋ ಗಟ್ಟಿಗರು ನೆರವಾಗಿದ್ದಾರೆ.

ಮಾರ್ಗರೆಟ್‌ಗೆ ಮಕ್ಕಳಾಗಲಿಲ್ಲ. ಅವಳು ಹೋಗಿದ್ದು 1673ರಲ್ಲಿ, ವಿಲಿಯಂ 1676ರ ಕ್ರಿಸ್‌ಮಸ್ ದಿನ. ಮಗ ಹೆನ್ರಿ 1691ರಲ್ಲಿ ಗಂಡುಸಂತಾನವಿಲ್ಲದೆ ತೀರಿಕೊಂಡಾಗ ಆ ಡ್ಯೂಕ್ ಪಟ್ಟ ನಿಂತಿತು, ನನ್ನ ಕ್ಯಾಲೆಂಡರ್ ಹಾಳೆಯೂ ಮುಗಿಯಿತು.

ಈಗ ಹೆಣ್ಣುಮಕ್ಕಳ ಕಡೆಯ ಕವಲು ಹಿಡಿದಿದ್ದೇನೆ. ವಿಲಿಯಂನ ಮಗಳು ಎಲಿಜಬೆತ್ ಸೊಸೆಯಾಗಿ ಹೋದ ಎಜರ್ಟನ್ ಮನೆಯಲ್ಲಿ ಮಾವ ಜಾನ್, ಗಂಡ ಜಾನ್, ಮಗ ಜಾನ್. ಮೂರು ಬಣ್ಣದ ಪೆನ್ನು ತಂದಿಟ್ಟುಕೊಂಡಿದ್ದೇನೆ.