ಹಿತ್ತಿಲ ಹುಳಿ ಮಣ್ಣು ಹದವಾಗಲು

ಮಲೆನಾಡು, ಕರಾವಳಿಯ ಹಿತ್ತಿಲುಗಳಲ್ಲಿ ಈ ದೂರು ಆಗಾಗ ಕೇಳುತ್ತೇವೆ, ಅಲ್ವಾ? ಎಷ್ಟು ಗೊಬ್ಬರ ಹಾಕಿದರೂ ಬದನೆ, ಬೆಂಡೆ ಏಳುವುದೇ ಇಲ್ಲ. ಎಷ್ಟೋ ಸಲ ಇದಕ್ಕೆ ಕಾರಣ ಮಳೆ. ಜಾಸ್ತಿ ಮಳೆ ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ತೊಳೆದುಕೊಂಡು ಹೋಗುತ್ತದೆ. ಮಣ್ಣು ಹುಳಿಯಾಗುತ್ತದೆ. ಆಗ ಗಿಡಕ್ಕೆ ಬೇಕಾದ ರಂಜಕ (ಫಾಸ್ಫರಸ್) ಇದ್ದರೂ ಬೇರಿಗೆ ಸರಿಯಾಗಿ ಸಿಗುವುದಿಲ್ಲ.

ಸುಮ್ನೆ ಸುಣ್ಣ ಎರಚಬೇಡಿ. ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಏಳೆಂಟು ಕಡೆ ಮೇಲಿನ ಕಸ ಸರಿಸಿ, 15 ಸೆಂ.ಮೀ. ಆಳದ ಗುಂಡಿ ತೋಡಿ, ಗುಂಡಿಯ ಬದಿಯಿಂದ ಮೇಲಿಂದ ಕೆಳಗಿನವರೆಗೆ ತೆಳುವಾಗಿ ಮಣ್ಣು ಕೆರೆದುಕೊಳ್ಳಿ. ಎಲ್ಲ ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋದಷ್ಟನ್ನು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಕೊಡಿ. ತಿಪ್ಪೆ ಪಕ್ಕದ ಮಣ್ಣು ಬೇಡ.

ವರದಿ ಬರುವಷ್ಟರಲ್ಲಿ ಕಾಂಪೋಸ್ಟ್ ಶುರು ಮಾಡಿ. ಹುಳಿ ಇರಲಿ, ಇಲ್ಲದಿರಲಿ, ಇದು ಎಲ್ಲ ಮಣ್ಣಿಗೂ ಬೇಕು. ನೆರಳಲ್ಲಿ ಒಂದು ಮೀಟರ್ ಉದ್ದ, ಅಗಲದ ಜಾಗ ಸಾಕು. ಗಾಳಿಯಾಡಲು ತಳಕ್ಕೆ ಕಡ್ಡಿ, ತೆಂಗಿನ ಸಿಪ್ಪೆ ಹಾಕಿ. ಮೇಲೆ ಎರಡು ಬುಟ್ಟಿ ದರಕು (ಒಣ ಎಲೆ), ಒಂದು ಬುಟ್ಟಿ ಹಸಿ ಸೊಪ್ಪು ಮತ್ತು ತರಕಾರಿ ಸಿಪ್ಪೆ, ಸ್ವಲ್ಪ ಸಗಣಿ ನೀರು. ರಾಶಿ ಸೊಂಟದೆತ್ತರ ಬರುವವರೆಗೆ ಹೀಗೇ ಪದರ ಹಾಕುತ್ತಾ ಹೋಗಿ. ಅಡಿಕೆ ಸೋಗೆ ಹಾಕುವುದಾದರೆ ಸಣ್ಣಗೆ ಕೊಚ್ಚಿ, ಇಲ್ಲದಿದ್ದರೆ ಅದು ಬೇಗ ಕೊಳೆಯುವುದಿಲ್ಲ. ಹುಳಿ ಮಣ್ಣಿಗೆ ರಾಕ್ ಫಾಸ್ಫೇಟ್, ಅಂದರೆ ರಂಜಕ ಇರುವ ಕಲ್ಲಿನ ಪುಡಿ, ಒಳ್ಳೆಯದು. ಅದನ್ನು ನೇರ ಮಣ್ಣಿಗೆ ಹಾಕುವ ಬದಲು ಪದರಕ್ಕೊಂದು ಹಿಡಿಯಂತೆ ಇಲ್ಲೇ ಉದುರಿಸಿ.

ಮುಷ್ಟಿಯಲ್ಲಿ ಹಿಂಡಿದಾಗ ಒಂದೆರಡು ಹನಿ ಬಂದರೆ ತೇವ ಸರಿ. ನೀರು ಸುರಿದರೆ, ನಾತ ಬಂದರೆ ಇನ್ನಷ್ಟು ದರಕು ಬೆರೆಸಿ. ಕೆಲವೇ ದಿನಗಳಲ್ಲಿ ರಾಶಿಯ ಒಳಗೆ ಬಿಸಿಯೇಳುತ್ತದೆ. ಆ ಬಿಸಿ ಕಂಡಾಗ ಆಗುವ ಖುಷಿಯೇ ಬೇರೆ! ಹದಿನೈದು ದಿನಕ್ಕೊಮ್ಮೆ ಮಗುಚಿ, ಮಳೆಗೆ ಮುಚ್ಚಿಡಿ. ಸುಮಾರು ಮೂರು ತಿಂಗಳಿಗೆ ಕಪ್ಪಗೆ, ಪುಡಿಪುಡಿಯಾಗಿ, ಮೊದಲ ಮಳೆಯ ಮಣ್ಣಿನ ವಾಸನೆ ಬರುತ್ತದೆ.

ವರದಿಯಲ್ಲಿ ರಸಸಾರ (ಪಿಎಚ್, ಇದು ಕಡಿಮೆಯಾದಷ್ಟೂ ಹುಳಿ ಜಾಸ್ತಿ) 6ಕ್ಕಿಂತ ಕಡಿಮೆ ಇದ್ದರೆ ಮಾತ್ರ ಸುಣ್ಣ. ಕೃಷಿ ಸುಣ್ಣ ಅಥವಾ ಡೋಲೊಮೈಟ್ ತನ್ನಿ. ಡೋಲೊಮೈಟ್‌ನಲ್ಲಿ ಮೆಗ್ನೀಸಿಯಂ ಕೂಡ ಇದೆ. ವರದಿಯಲ್ಲಿ ಪ್ರಮಾಣ ಬರೆದಿಲ್ಲದಿದ್ದರೆ ಚದರ ಮೀಟರ್‌ಗೆ 200 ಗ್ರಾಂ ಮೀರಬೇಡಿ. ಜೋರು ಮಳೆ ನಿಂತ ಮೇಲೆ ಹಾಕಿ, ಮಣ್ಣಿಗೆ ಬೆರೆಸಿ, ಎರಡು ಮೂರು ವಾರ ಬಿಡಿ. ಹಸಿ ಸಗಣಿಯ ಜೊತೆ ಸುಣ್ಣ ಹಾಕಿದರೆ ಸಾರಜನಕ ಗಾಳಿಗೆ ಹೋಗುತ್ತದೆ. ಒಲೆ ಬೂದಿಯೂ ಸುಣ್ಣದಂತೆಯೇ ಹುಳಿ ತಗ್ಗಿಸುತ್ತದೆ, ಹಾಗಾಗಿ ತೆಳುವಾಗಿ ಉದುರಿಸಿ.

ಆಮೇಲೆ ಕಾಂಪೋಸ್ಟ್ ಎರಡಿಂಚು ಹರಡಿ, ಸಸಿ ನೆಟ್ಟು, ಬುಡಕ್ಕೆ ದರಕು ಮುಚ್ಚಿ. ಎರಡು ವರ್ಷ ಬಿಟ್ಟು ಅದೇ ಜಾಗದ ಮಣ್ಣನ್ನು ಮತ್ತೆ ಪರೀಕ್ಷೆಗೆ ಕೊಡಿ. ಅಲ್ಲಿಯವರೆಗೆ ಇನ್ನೊಮ್ಮೆ ಸುಣ್ಣ ಬೇಡ.