ಹಳೇ ಲ್ಯಾಪ್‌ಟಾಪಿಗೆ ಪೆನ್‌ಡ್ರೈವಿನಿಂದ ಮಿಂಟ್ ಹಾಕಿದ್ದು

ನನ್ನ ಡಿಟಿಪಿ ಅಂಗಡಿಯಲ್ಲಿ 2014ರ ಒಂದು ಲ್ಯಾಪ್‌ಟಾಪ್ ಇದೆ. ನಾಲ್ಕನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ ನಿಂತಿತು. ವಿಂಡೋಸ್ 11 ಒಪ್ಪುವ ಪ್ರೊಸೆಸರುಗಳ ಪಟ್ಟಿಯಲ್ಲಿ ಇದು ಇಲ್ಲ. ಗುಜರಿಗೆ ಕೊಡಲು ಮನಸ್ಸಾಗದೆ, ವಿಂಡೋಸ್ ಬದಲಿಗೆ ಬಳಸಬಹುದಾದ ಉಚಿತ ಆಪರೇಟಿಂಗ್ ಸಿಸ್ಟಂ ಲಿನಕ್ಸ್ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿದೆ. ಪೇಜ್‌ಮೇಕರ್, ಕೋರೆಲ್ ಲಿನಕ್ಸಿನಲ್ಲಿ ನೇರವಾಗಿ ಓಡುವುದಿಲ್ಲ, ಅವನ್ನು ನೆಚ್ಚಿಕೊಂಡವರು ಅವುಗಳಿರುವ ಕಂಪ್ಯೂಟರನ್ನು ಮುಟ್ಟಬೇಡಿ. ನನಗೆ ಇದು ಅರ್ಜಿ ಟೈಪಿಂಗ್, ಪಹಣಿ ಪ್ರಿಂಟಿಗಷ್ಟೇ ಬೇಕಿತ್ತು.

ಮೊದಲು ಬ್ಯಾಕಪ್. ಫೋಟೊ, ಫೈಲುಗಳನ್ನು ಎಲ್ಲರೂ ನೆನಪಿಟ್ಟು ತೆಗೆದಿಡುತ್ತಾರೆ, ಫಾಂಟುಗಳನ್ನು ಮರೆಯುತ್ತಾರೆ. ಸಿ ಡ್ರೈವಿನಲ್ಲಿ ವಿಂಡೋಸ್ ಒಳಗಿನ ಫಾಂಟ್ಸ್ ಫೋಲ್ಡರಿನಿಂದ ನುಡಿ ಫಾಂಟುಗಳನ್ನೂ ಕಾಪಿ ಮಾಡಿಕೊಳ್ಳಿ. ಯಾಕೆಂದು ಕೊನೆಯಲ್ಲಿ ಹೇಳುತ್ತೇನೆ.

ಮಿಂಟ್‌ನ ಐಎಸ್‌ಒ ಫೈಲ್, ಅಂದರೆ ಇನ್‌ಸ್ಟಾಲ್ ಮಾಡಲು ಡೌನ್‌ಲೋಡ್ ಮಾಡಿಕೊಳ್ಳುವ ಫೈಲ್, ಸುಮಾರು 3 ಜಿಬಿ. 8 ಜಿಬಿ ಪೆನ್‌ಡ್ರೈವ್ ಧಾರಾಳ ಸಾಕು. ಫೈಲನ್ನು ಸುಮ್ಮನೆ ಪೆನ್‌ಡ್ರೈವಿಗೆ ಕಾಪಿ ಮಾಡಿದರೆ ಬೂಟ್ ಆಗುವುದಿಲ್ಲ, ಅಂದರೆ ಕಂಪ್ಯೂಟರ್ ಅದರಿಂದ ಶುರುವಾಗುವುದಿಲ್ಲ, ರೂಫಸ್ ಎಂಬ ಉಚಿತ ತಂತ್ರಾಂಶದಿಂದ ಬರೆಯಬೇಕು. ಬರೆಯುವಾಗ ಪೆನ್‌ಡ್ರೈವಿನಲ್ಲಿದ್ದದ್ದೆಲ್ಲ ಅಳಿಯುತ್ತದೆ. ಎರಡು ಪೆನ್‌ಡ್ರೈವ್ ಒಟ್ಟಿಗೆ ಸಿಕ್ಕಿಸಿಕೊಂಡು, ನೋಡದೆ ಸ್ಟಾರ್ಟ್ ಒತ್ತಿ, ಒಬ್ಬರ ಗೃಹಪ್ರವೇಶದ ಆಮಂತ್ರಣವನ್ನು ಮೊದಲಿಂದ ಮತ್ತೆ ಕೂಡಿಸಿದವನು ನಾನು. ಬೇರೆಯದನ್ನು ಕಿತ್ತಿಟ್ಟು ಕೂತುಕೊಳ್ಳಿ.

ಇನ್ನು ರೀಸ್ಟಾರ್ಟ್. ಪರದೆ ಬೆಳಗುವ ಮೊದಲೇ ಬೂಟ್ ಮೆನುವಿನ ಕೀಲಿಯನ್ನು ಟಪಟಪ ಒತ್ತುತ್ತಿರಬೇಕು. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಪಟ್ಟಿಯಲ್ಲಿ ಯುಎಸ್‌ಬಿ ಆರಿಸಿದರೆ ಮಿಂಟ್ ಪೆನ್‌ಡ್ರೈವಿನಿಂದಲೇ ತೆರೆದುಕೊಳ್ಳುತ್ತದೆ. ಹಾರ್ಡ್‌ಡಿಸ್ಕಿಗೆ ಇನ್ನೂ ಏನೂ ಆಗಿರುವುದಿಲ್ಲ.

ಇಲ್ಲಿ ಅವಸರ ಬೇಡ. ಹಾಡು ಕೇಳಿಸುತ್ತದಾ, ಟಚ್‌ಪ್ಯಾಡ್ ಓಡುತ್ತದಾ, ಪ್ರಿಂಟರ್ ಕಾಣಿಸುತ್ತದಾ ನೋಡಿ. ನನ್ನದರಲ್ಲಿ ವೈಫೈ ಕಾಣಿಸಲೇ ಇಲ್ಲ. ಮೊಬೈಲನ್ನು ಕೇಬಲ್ಲಿನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಹಾಕಿದೆ, ನೆಟ್ ಬಂತು. ಇನ್‌ಸ್ಟಾಲ್ ಆದಮೇಲೆ ಡ್ರೈವರ್ ಮ್ಯಾನೇಜರಿನಲ್ಲಿ ವೈಫೈ ಡ್ರೈವರ್ ಸಿಕ್ಕಿತು.

ಎಲ್ಲ ಸರಿ ಅನ್ನಿಸಿದರೆ ಡೆಸ್ಕ್‌ಟಾಪಿನ ಇನ್‌ಸ್ಟಾಲ್ ಐಕಾನ್ ಒತ್ತಿ. 'ಇರೇಸ್ ಡಿಸ್ಕ್' ಎಂದರೆ ವಿಂಡೋಸ್ ಸಮೇತ ಎಲ್ಲ ಹೋಯಿತು. 'ಅಲಾಂಗ್‌ಸೈಡ್' ಎಂದರೆ ಎರಡೂ ಇರುತ್ತವೆ. ನಾನು ಅಳಿಸಿಯೇ ಬಿಟ್ಟೆ. ಊರು ಕೇಳಿದಾಗ ಕೋಲ್ಕತಾ ಅನ್ನಿ, ಭಾರತದ ಸಮಯಕ್ಕೆ ಅಲ್ಲಿರುವ ಹೆಸರೇ ಅದು. ಕೊನೆಗೆ ಪೆನ್‌ಡ್ರೈವ್ ತೆಗೆದು ಎಂಟರ್ ಒತ್ತಲು ಹೇಳುತ್ತದೆ.

ಈಗ ಫಾಂಟಿನ ವಿಷಯ. ಹಳೇ ನುಡಿ ಕಡತಗಳು ಯೂನಿಕೋಡ್ ಅಲ್ಲ, ಫಾಂಟ್ ಇಲ್ಲದಿದ್ದರೆ ಮಿಂಟ್ ಜೊತೆಗೇ ಬರುವ, ಎಂಎಸ್ ಆಫೀಸಿನಂಥ ಲಿಬ್ರೆ ಆಫೀಸಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ತೆಗೆದಿಟ್ಟ ಫಾಂಟಿನ ಮೇಲೆ ಎರಡು ಕ್ಲಿಕ್ ಮಾಡಿ ಇನ್‌ಸ್ಟಾಲ್ ಕೊಟ್ಟು, ಲಿಬ್ರೆ ಆಫೀಸ್ ಮುಚ್ಚಿ ತೆರೆದರೆ ಹತ್ತು ವರ್ಷದ ಹಿಂದಿನ ಅರ್ಜಿಯೂ ಕನ್ನಡದಲ್ಲೇ ಓದಿಸಿಕೊಳ್ಳುತ್ತದೆ. ಹೊಸದಾಗಿ ಟೈಪ್ ಮಾಡಲು ಕೀಬೋರ್ಡ್ ಸೆಟ್ಟಿಂಗಿನಲ್ಲಿ ಕನ್ನಡದ 'ಕಗಪ' ವಿನ್ಯಾಸ ಸೇರಿಸಿಕೊಳ್ಳಿ.